ಗಾಡಿ ಬಿಸಿಯಿದ್ದರಷ್ಟೇ ಮುಟ್ಟುವ ಮೇಸ್ತ್ರಿ

ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯ ರಿವ್ಯೂ ಇದು. ನನ್ನದು ನಮ್ಮಪ್ಪನ ಕಾಲದ 1977ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್ ಗಾಡಿ. ಬೆಳಿಗ್ಗೆ ಸೆಲ್ಫ್ ಒಂದೇ ಸಲ ಹೊಡೆದರೆ ಸ್ಟಾರ್ಟ್ ಆಗುತ್ತೆ. ಇಪ್ಪತ್ತು ನಿಮಿಷ ಓಡಿದ ಮೇಲೆ ಕೆಮ್ಮಿ ಕೆಮ್ಮಿ ನಿಂತೇಬಿಡುತ್ತೆ. ಬಾನೆಟ್ ಎತ್ತಿ ಅರ್ಧ ಗಂಟೆ ಕಾದರೆ ಏನೂ ಆಗದವನ ಹಾಗೆ ಮತ್ತೆ ಹೊರಡುತ್ತೆ. ಎಂಜಿನ್ನಿಗೆ ಪೆಟ್ರೋಲ್ ಕಳಿಸೋ ಪಂಪ್ ಬಿಸಿಯಾಗ್ತಿದೆ ಅಂತ ಎಲ್ಲರೂ ಹೇಳಿದ್ದರಿಂದ ಅದಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡೇ ಎರಡು ತಿಂಗಳು ಓಡಾಡಿದೆ. ಮನೆ ಹತ್ತಿರದ ಗ್ಯಾರೇಜಿನವರು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಮಾಡೋ ಸುರುಳಿ), ಪ್ಲಗ್ಗು, ಪ್ಲಗ್ ವೈರು ಎಲ್ಲ ಬದಲಾಯಿಸಿದರು. ಆಮೇಲೂ ಮೈಸೂರು ರಸ್ತೆಯಲ್ಲಿ ನಿಂತಿತು.

ಕೊನೆಗೆ ಹೋದದ್ದು ಜೆ.ಸಿ. ರಸ್ತೆಯ ಒಳಗಲ್ಲಿಯ ಈ ಅಂಗಡಿಗೆ. ಬೋರ್ಡು ಮಾಸಿ ಹೆಸರೇ ಕಾಣಲ್ಲ. ವಯಸ್ಸಾದ ಮೇಸ್ತ್ರಿ, ಜೊತೆಗೊಬ್ಬ ಹುಡುಗ. ಗಾಡಿ ಬಿಟ್ಟು ಹೋಗ್ತೀನಿ ಅಂದರೆ ಒಪ್ಪಲಿಲ್ಲ. "ತಣ್ಣಗಿದ್ದಾಗ ನೋಡಿದ್ರೆ ಎಲ್ಲಾ ಚೆನ್ನಾಗೇ ಇರುತ್ತೆ ಸಾರ್. ಓಡಿಸಿ, ನಿಂತೋದ ಮೇಲೆ ನನ್ನ ಕರೀರಿ."

ಲಾಲ್‌ಬಾಗ್ ಸುತ್ತ ಎರಡು ಸುತ್ತು ಹೊಡೆದೆ. ಗಲ್ಲಿ ಬಾಯಲ್ಲೇ ನಿಂತಿತು, ಪುಣ್ಯ. ಹುಡುಗ ತಳ್ಳಿಕೊಂಡು ಬಂದ.

ಮೇಸ್ತ್ರಿ, ಕರೆಂಟನ್ನು ಪ್ಲಗ್ಗುಗಳಿಗೆ ಹಂಚೋ ಡಿಸ್ಟ್ರಿಬ್ಯೂಟರ್ ಮುಚ್ಚಳದಿಂದ ಕಾಯಿಲ್ ವೈರು ಕಿತ್ತು, ಇಕ್ಕಳದಲ್ಲಿ ಹಿಡಿದು ಎಂಜಿನ್ನಿಗೆ ಕಾಲಿಂಚು ದೂರ ಇಟ್ಟು ಸೆಲ್ಫ್ ಹೊಡೆಸಿದರು. ಹಳದಿ ಕಿಡಿ, ಬೀಡಿ ತುದಿಯಷ್ಟು ಮಂಕು. ಮುಚ್ಚಳ ತೆಗೆದು ನೋಡಿದರೆ ಸಿ.ಬಿ. ಪಾಯಿಂಟ್ (ಕಾಯಿಲ್ ಕರೆಂಟನ್ನು ಕಡಿದು ಕೂಡಿಸೋ ಪುಟ್ಟ ಸ್ವಿಚ್ಚು) ತೆರೆದಾಗೆಲ್ಲ ಅಲ್ಲೇ ಚಟಪಟ ನೀಲಿ ಬೆಂಕಿ. "ಹೊರಗೆ ಬರಬೇಕಾದ ಕರೆಂಟು ಇಲ್ಲೇ ಉರಿದೋಗ್ತಿದೆ." ಹಳೇ ಡಬ್ಬದಿಂದ ಒಂದು ಕಂಡೆನ್ಸರ್ ತೆಗೆದರು, ಪಾಯಿಂಟಲ್ಲಿ ಹೀಗೆ ಬೆಂಕಿ ಹಾರದ ಹಾಗೆ ತಡೆಯೋ ಪುಟ್ಟ ಭಾಗ ಅದು. ಡಿಸ್ಟ್ರಿಬ್ಯೂಟರ್ ಒಳಗಿದ್ದ ಕಂಡೆನ್ಸರಿನ ವೈರು ಬಿಡಿಸಿ, ಇದರ ವೈರನ್ನು ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ತುದಿಗೆ ಸಿಕ್ಕಿಸಿ, ಇದರ ಮೈಯನ್ನು ಗಾಡಿಯ ಲೋಹಕ್ಕೆ ಒತ್ತಿ ಹಿಡಿದರು. ಮತ್ತೆ ಸೆಲ್ಫ್. ಟಪ್, ಟಪ್, ಟಪ್ ಅಂತ ದಪ್ಪ ನೀಲಿ ಕಿಡಿ.

ಮೂರು ತಿಂಗಳ ಹಿಂದೆ ಗ್ಯಾರೇಜಿನವರು ಪಾಯಿಂಟ್ ಜೊತೆ ಹಾಕಿದ್ದ ಹೊಸ ಕಂಡೆನ್ಸರೇ ಬಿಸಿಯಾದಾಗ ಕೈಕೊಡುತ್ತಿದ್ದದ್ದು! ಹೊಸದಲ್ಲವೇ ಅಂತ ಯಾರೂ ಅದರ ಕಡೆ ನೋಡಿರಲಿಲ್ಲ, ನಾನೂ ಅಷ್ಟೇ. ಪಾಯಿಂಟ್ ಸುಟ್ಟು ಒಂದು ಕಡೆ ಗುಂಡಿ, ಇನ್ನೊಂದು ಕಡೆ ಉಬ್ಬು. ಬೇರೆ ಪಾಯಿಂಟ್ ಹಾಕಿ, ಗ್ಯಾಪ್ 15 ಥೌ (ಒಂದು ಇಂಚಿನ ಸಾವಿರ ಭಾಗದಲ್ಲಿ 15) ಇಟ್ಟು, ಇನ್ನೊಮ್ಮೆ ಲಾಲ್‌ಬಾಗ್‌ಗೆ ಓಡಿಸಿದರು. ಎಲ್ಲಾ ಸೇರಿ 650 ರೂಪಾಯಿ.

ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದೇನೆ. ಬಿಲ್ಲು ಕೊಡಲ್ಲ, ಕೂರೋಕೆ ಇರೋದು ಒಂದು ಹಳೇ ಟೈರು, ಮಧ್ಯೆ ಪ್ರಶ್ನೆ ಕೇಳಿದರೆ ಗದರಿಸ್ತಾರೆ. ಬೇಗ ಹೋದರೆ ಗಾಡಿ ನಿಲ್ಲಿಸೋಕೆ ಜಾಗ ಸಿಗುತ್ತೆ. ಆದರೆ ಗಾಡಿ ಬಿಸಿ ಇರಲಿ, ಇಲ್ಲಾಂದ್ರೆ ವಾಪಸ್ ಕಳಿಸ್ತಾರೆ.