ಮುಕುರ್ತು: ಮಾನವಶಾಸ್ತ್ರ ಸಂಗ್ರಹಗಳಿಗೆ ಒದಗುವ ತಂತ್ರಾಂಶ

ಮಾನವಶಾಸ್ತ್ರ ಸಂಗ್ರಹಗಳ ಹೊಣೆ ಹೊತ್ತವರಿಗೆ ವಸ್ತುವನ್ನು ಕಾಪಾಡುವುದಕ್ಕಿಂತ ಅದರ ದಾಖಲೆಯನ್ನು ಸರಿಯಾಗಿ ಬರೆಯುವುದೇ ಹೆಚ್ಚು ಕಷ್ಟ. ತುಳುನಾಡಿನ ಪಂಜುರ್ಲಿ ದೈವದ ಲೋಹದ ಮೊಗವೊಂದು ಸಂಗ್ರಹಾಲಯಕ್ಕೆ ಬಂದರೆ, ಬಂದ ವಸ್ತುಗಳನ್ನು ನಮೂದಿಸುವ ಆಕ್ಸೆಷನ್ ರಿಜಿಸ್ಟರಿನಲ್ಲಿ ಲೋಹ, ಅಳತೆ, ಬಂದ ವರ್ಷ ಇಷ್ಟು ಸೇರುತ್ತವೆ. ಅದು ಯಾವ ದೈವಸ್ಥಾನದ್ದು, ದೈವಾರಾಧನೆಯ ಕೋಲದಲ್ಲಿ ಅದನ್ನು ಧರಿಸುವ ಹಕ್ಕು ಯಾರದು, ಆ ದೈವದ ಕಥೆಯನ್ನು ಹಾಡುವ ಪಾಡ್ದನವನ್ನು ಬಲ್ಲವರು ಯಾರು ಎಂಬುದಕ್ಕೆ ಸಾಮಾನ್ಯವಾಗಿ ಅಂಕಣವೇ ಇರುವುದಿಲ್ಲ.

ಈ ಕೊರತೆಯನ್ನು ನೇರವಾಗಿ ಎದುರಿಸುವ ಮುಕ್ತ ತಂತ್ರಾಂಶ ಮುಕುರ್ತು. ಆಸ್ಟ್ರೇಲಿಯದ ಟೆನೆಂಟ್ ಕ್ರೀಕ್‌ನಲ್ಲಿ ಅಲ್ಲಿನ ಮೂಲನಿವಾಸಿ ವರುಮುಂಗು ಸಮುದಾಯದವರು ಮತ್ತು ಸಂಶೋಧಕಿ ಕಿಂಬರ್ಲಿ ಕ್ರಿಸ್ಟನ್ ಕೂಡಿ 2007ರಲ್ಲಿ ರೂಪಿಸಿದ ಡಿಜಿಟಲ್ ಭಂಡಾರದಿಂದ ಇದು ಬೆಳೆದಿದೆ. ಈಗ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ ಇದನ್ನು ನಿರ್ವಹಿಸುತ್ತಿದೆ. ಯಾವ ಚಿತ್ರವನ್ನು ಯಾರು ನೋಡಬಹುದು ಎಂಬುದನ್ನು ಸಮುದಾಯವೇ ತನ್ನ ಕಟ್ಟುಪಾಡಿನಂತೆ ಗೊತ್ತುಪಡಿಸಬಹುದು.

ನನ್ನ ದೃಷ್ಟಿಯಲ್ಲಿ ಇದರ ಅತ್ಯುತ್ತಮ ಗುಣವೆಂದರೆ, ಒಂದೇ ವಸ್ತುವಿಗೆ ಸಂಗ್ರಹಾಲಯದ ವಿವರಣೆಯ ಪಕ್ಕದಲ್ಲೇ ಸಮುದಾಯದ ವಿವರಣೆಯೂ ಪ್ರತ್ಯೇಕ ದಾಖಲೆಯಾಗಿ ನಿಲ್ಲುವುದು. ಕೋಲ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯಗಳ ಹಿರಿಯರು ಹೇಳಿದ ಮಾತು ಅಡಿಟಿಪ್ಪಣಿಯಾಗಿ ಕುಗ್ಗದೆ, ಕ್ಯುರೇಟರ್ ಬರೆದದ್ದಕ್ಕೆ ಸಮನಾದ ಸ್ಥಾನ ಪಡೆಯಲು ಇದರಲ್ಲಿ ಅವಕಾಶವಿದೆ. ಲೋಕಲ್ ಕಾಂಟೆಕ್ಸ್ಟ್ಸ್ ಸಂಸ್ಥೆಯ ಸಾಂಪ್ರದಾಯಿಕ ಜ್ಞಾನದ ಗುರುತುಪಟ್ಟಿಗಳನ್ನೂ (ಲೇಬಲ್) ಇದರೊಂದಿಗೆ ಬಳಸಬಹುದು. ಅವುಗಳಲ್ಲಿ, ಸಾಮಗ್ರಿಯ ಬಳಕೆ ಇಂತಹ ಋತುಮಾನಕ್ಕೆ ಸೇರಿದ್ದೆಂದು ತಿಳಿಸುವ ಒಂದು ಗುರುತುಪಟ್ಟಿಯೂ ಇದೆ. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನದ ಬಳಿಕ ಕೋಲಗಳು ನಿಲ್ಲುವ ತುಳುನಾಡಿನ ಸಾಮಗ್ರಿಗೆ ಇದು ಎಷ್ಟು ಹೊಂದುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಈ ಗುರುತುಪಟ್ಟಿ ನೋಡುಗರಿಗೆ ರೂಢಿಯನ್ನು ತಿಳಿಸುತ್ತದೆಯೇ ಹೊರತು ತಾನಾಗಿ ಬಾಗಿಲು ಮುಚ್ಚುವುದಿಲ್ಲ. ಚಿತ್ರವನ್ನು ತಡೆಹಿಡಿಯಬೇಕಾದರೆ ಪ್ರವೇಶದ ನಿಯಮವನ್ನು ಬೇರೆಯಾಗಿ ಹೊಂದಿಸಬೇಕು.

ಮಿತಿಗಳೂ ಇವೆ. ವಸ್ತು ಯಾವ ಕಪಾಟಿನಲ್ಲಿದೆ, ಯಾವ ಪ್ರದರ್ಶನಕ್ಕೆ ಎರವಲು ಹೋಗಿದೆ, ಅದರ ಸಂರಕ್ಷಣೆ ಯಾವ ಹಂತದಲ್ಲಿದೆ ಎಂಬ ದೈನಂದಿನ ನಿರ್ವಹಣೆಗಾಗಿ ಮುಕುರ್ತು ರಚನೆಯಾದದ್ದಲ್ಲ. ಆದ್ದರಿಂದ ಸಂಗ್ರಹಾಲಯದ ಮುಖ್ಯ ದತ್ತಾಂಶ ವ್ಯವಸ್ಥೆಯನ್ನು ಕೈಬಿಟ್ಟು ಇದನ್ನೊಂದೇ ನೆಚ್ಚಿಕೊಳ್ಳುವುದು ತಪ್ಪಾಗುತ್ತದೆ. ತಂತ್ರಾಂಶ ಉಚಿತವಾದರೂ ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವ ತಾಂತ್ರಿಕ ಸಿಬ್ಬಂದಿಗೆ ವೆಚ್ಚ ತಗಲುತ್ತದೆ. ಮುಕುರ್ತುವಿನ ಹಿಂದಿನ ಆವೃತ್ತಿಗೆ ಆಧಾರವಾಗಿದ್ದ, ಜಾಲತಾಣ ಕಟ್ಟುವ ತಂತ್ರಾಂಶ ಡ್ರೂಪಲ್ 7ರ ಅಧಿಕೃತ ಬೆಂಬಲ 2025ರ ಜನವರಿಯಲ್ಲಿ ಕೊನೆಗೊಂಡಿರುವುದರಿಂದ ಹೊಸಬರು ಮುಕುರ್ತು 4ರಿಂದಲೇ ತೊಡಗಬೇಕು. ವಿವರಗಳನ್ನು ಕನ್ನಡ ಲಿಪಿಯಲ್ಲಿ ತುಂಬಲು ಅಡ್ಡಿಯಿಲ್ಲ.

ಇಡೀ ಸಂಗ್ರಹವನ್ನು ಒಮ್ಮೆಗೇ ಏರಿಸುವ ಬದಲು, ಸಂಬಂಧಪಟ್ಟ ಕುಟುಂಬಗಳೊಂದಿಗೆ ಕುಳಿತು ಮಾತನಾಡಲು ಸಾಧ್ಯವಿರುವ ಒಂದು ಚಿಕ್ಕ ಗುಂಪಿನ ವಸ್ತುಗಳಿಂದ ಆರಂಭಿಸಬೇಕೆಂದು ಸಹೋದ್ಯೋಗಿಗಳಿಗೆ ಶಿಫಾರಸು ಮಾಡುತ್ತೇನೆ. ಯಾವುದನ್ನು ಎಲ್ಲರಿಗೂ ತೆರೆದಿಡಬೇಕೆಂಬ ಒಪ್ಪಿಗೆ ಆ ಮಾತುಕತೆಯಲ್ಲಿ ದೊರೆಯುವವರೆಗೆ ಚಿತ್ರಗಳನ್ನು ಸಾರ್ವಜನಿಕಗೊಳಿಸಬಾರದು.