ಲೇಕಾಕ್ ಹಳ್ಳಿಯೋ, ಬ್ರಾಡ್‌ಫರ್ಡ್ ಆನ್ ಏವನ್ ಪಟ್ಟಣವೋ?

ಇಂಗ್ಲೆಂಡಿನ ಬಾತ್ ನಗರದಲ್ಲಿದ್ದೀರಿ, ಕೈಯಲ್ಲಿ ಒಂದೇ ದಿನ ಇದೆ, ಹತ್ತಿರದ ಈ ಎರಡರಲ್ಲಿ ಯಾವುದಕ್ಕೆ ಹೋಗಲಿ ಅಂದಿರಿ. ಕಾರಿಲ್ಲದಿದ್ದರೆ ಬ್ರಾಡ್‌ಫರ್ಡ್ ಸುಲಭ, ರೈಲು ಊರಲ್ಲೇ ನಿಲ್ಲುತ್ತದೆ. ಲೇಕಾಕ್‌ಗಾದರೆ ಚಿಪ್ಪನ್‌ಹ್ಯಾಮ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಖರ್ಚು ಎರಡೂ ಕಡೆ ಜಾಸ್ತಿ ಇಲ್ಲ. ಬ್ರಾಡ್‌ಫರ್ಡಿನ 14ನೇ ಶತಮಾನದ ಕಲ್ಲಿನ ಕಣಜಕ್ಕೆ ಟಿಕೆಟ್ಟೇ ಇಲ್ಲ, ಲೇಕಾಕ್‌ನಲ್ಲಿ ಅಬ್ಬೆಗೆ, ಅಂದರೆ ಹಳೆಯ ಕ್ರೈಸ್ತ ಮಠಕ್ಕೆ, ಮಾತ್ರ ಇದೆ.

ಫೋಟೋ ಹುಚ್ಚಿದ್ದರೆ ಆ ಟಿಕೆಟ್ ತಗೊಳ್ಳಿ, 1835ರಲ್ಲಿ ಛಾಯಾಗ್ರಹಣದ ಮೊದಲಿಗರಲ್ಲೊಬ್ಬನಾದ ಟಾಲ್ಬಟ್ ಫೋಟೋ ನೆಗೆಟಿವ್ ತೆಗೆದ ಕಿಟಕಿ ಅಲ್ಲೇ ಇದೆ. ಬೀದಿಗೆ ಬೀದಿಯೇ ಹಳೆಯದಾಗಿರಬೇಕು ಅಂದರೂ ಲೇಕಾಕ್, ಅದು 1944ರಿಂದ ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ.

ಊರಿನವರ ನೆನಪು ಬೇಕೆಂದರೆ ಬ್ರಾಡ್‌ಫರ್ಡ್. ಅಲ್ಲಿ ಸೇತುವೆ ಮೇಲೇ ಪುಟ್ಟ ಲಾಕಪ್ ಇದೆ, ಅದರ ತುದಿಯಲ್ಲಿ ಗಾಳಿಗೆ ತಿರುಗುವ ಮೀನು, ಒಳಗೆ ಬಿದ್ದವರನ್ನು ‘ಮೀನಿನ ಕೆಳಗೆ, ನೀರಿನ ಮೇಲೆ’ ಅನ್ನುತ್ತಿದ್ದರಂತೆ. ಎಷ್ಟು ಚೆಂದ ಅಲ್ವಾ!