ಹಾಸ್ಟೆಲ್ ಕಟ್ಟಡದ ಟೆಂಡರ್ ನಡೆಸಿದ ಕಚೇರಿಗೆ ಐದಕ್ಕೆ ಮೂರು ಸ್ಟಾರ್

ಹೋಟೆಲಿಗೆ, ಗ್ಯಾರೇಜಿಗೆಲ್ಲ ರಿವ್ಯೂ ಬರೆಯುತ್ತಾರೆ. ಟೆಂಡರ್ ಕರೆದ ಕಚೇರಿಗೆ ಯಾಕೆ ಬರೆಯಬಾರದು? ನಾನು ಸಣ್ಣ ಸಿವಿಲ್ ಕಾಂಟ್ರಾಕ್ಟರ್. ಕಚೇರಿಯ ಹೆಸರು ಹಾಕುವುದಿಲ್ಲ. ನನ್ನ ಹಳೇ ಬಿಲ್ ಒಂದು ಅಲ್ಲೇ ಪಾಸಾಗಬೇಕು.

ಕೆಲಸ ಒಂದು ಹಾಸ್ಟೆಲ್ ಕಟ್ಟಡ. ಡ್ರಾಯಿಂಗಿನಲ್ಲಿ ಸಂಪು 50,000 ಲೀಟರ್, ಬಿಒಕ್ಯೂನಲ್ಲಿ (ಕೆಲಸದ ಬಾಬ್ತು, ಪ್ರಮಾಣಗಳ ಪಟ್ಟಿ) 25,000. ಆ ಕಚೇರಿಯ ಇಂಜಿನಿಯರ್, ಎಇಇ ಸಾಹೇಬರಿಗೆ ಫೋನ್ ಹಚ್ಚಿದೆ. "ಫೋನಲ್ಲಿ ಏನೂ ಹೇಳಲ್ಲ, ಬರವಣಿಗೆಯಲ್ಲಿ ಕೇಳಿ" ಅಂದು ಇಟ್ಟೇಬಿಟ್ಟರು. ಆಗ ಸಿಟ್ಟು ಬಂತು. ಆದರೆ ಹಿಂದೆಲ್ಲ ಏನಾಗುತ್ತಿತ್ತು? ಇಂಜಿನಿಯರ್ ಪರಿಚಯ ಇದ್ದವನಿಗೆ ಉತ್ತರ ಸಿಗುತ್ತಿತ್ತು, ಉಳಿದವರು ಸುಮ್ನೆ ಅಂದಾಜಿನಲ್ಲಿ ರೇಟ್ ಹಾಕುತ್ತಿದ್ದೆವು. ಒಳಗಿನವರಿಗೆ ಒಂದು ಸಂಪು, ಹೊರಗಿನವರಿಗೆ ಇನ್ನೊಂದು.

ಬಿಡ್ ಹಾಕುವ ಮೊದಲು ಕಾಂಟ್ರಾಕ್ಟರ್‌ಗಳ ಅನುಮಾನ ಬಗೆಹರಿಸುವ ಪ್ರೀ-ಬಿಡ್ ಮೀಟಿಂಗ್ ಚೆನ್ನಾಗಿ ನಡೆಯಿತು. ಪ್ರಶ್ನೆ, ಉತ್ತರ ಎರಡನ್ನೂ ಬರೆದು ಎಲ್ಲರಿಗೂ ಕಾಣುವಂತೆ ಹಾಕಿದರು. ಕೇಳಿದ್ದು ಯಾರು ಅಂತ ಮಾತ್ರ ಬರೆದಿರಲಿಲ್ಲ. ಕಾಮಗಾರಿಗಳಿಗೆ ಸರ್ಕಾರದ ಕೆಡಬ್ಲ್ಯೂ-4 ಎಂಬ ಮಾದರಿ ಟೆಂಡರ್ ದಾಖಲೆಯಲ್ಲೂ ಇದೇ ಕ್ರಮ ಇದೆ. ಹೆಸರು ಗೊತ್ತಾದರೆ ಕಣದಲ್ಲಿ ಯಾರಿದ್ದಾರೆ ಅಂತ ಗೊತ್ತಾಗುತ್ತದೆ, ಆಮೇಲೆ "ನೀವೆಷ್ಟು ಹಾಕ್ತೀರಿ ಅಣ್ಣಾ" ಅಂತ ಫೋನ್ ಶುರು. ತಮಾಷೆ ಅಂದರೆ ಮೀಟಿಂಗಿನಲ್ಲಿ ಎಲ್ಲರೂ ಎಲ್ಲರ ಮುಖ ನೋಡಿಯೇ ಇರುತ್ತೇವೆ. ಮುಗಿದ ಮೇಲೆ ಎದುರಿನ ಹೋಟೆಲಿನಲ್ಲಿ ನಡೆಯುವ ಮೀಟಿಂಗಿಗೆ ಯಾವ ಮಿನಿಟ್ಸೂ ಇಲ್ಲ, ಅಲ್ವಾ?

ಒಂದು ಸ್ಟಾರ್ ಕಡಿದದ್ದು ಟೆಂಡರ್ ದಾಖಲೆಯ ತಿದ್ದುಪಡಿಗೆ, ಅಂದರೆ ಕೊರಿಜೆಂಡಮ್‌ಗೆ. ಸಂಪು 50,000 ಲೀಟರ್ ಅಂತ ತಿದ್ದುಪಡಿ ಬಂದದ್ದು ಕೊನೆ ದಿನಾಂಕ ಹತ್ತಿರ ಬಂದ ಮೇಲೆ, ಅದೂ ಓರೆಯಾಗಿ ಸ್ಕ್ಯಾನ್ ಮಾಡಿದ ಹಾಳೆಯಲ್ಲಿ. ಅಗೆತ, ಕಬ್ಬಿಣ, ವಾಟರ್‌ಪ್ರೂಫಿಂಗ್ ಎಲ್ಲದರ ಲೆಕ್ಕ ಮತ್ತೆ ಮಾಡಬೇಕು. ಕೊನೆ ದಿನಾಂಕವನ್ನು ಮಾತ್ರ ಮುಂದೆ ಹಾಕಲಿಲ್ಲ. ಎಲ್ಲರಿಗೂ ಒಂದೇ ಹೊತ್ತಿಗೆ ಹೇಳಿದರೆ ಸಾಲದು, ಕೂತು ಲೆಕ್ಕ ಹಾಕುವಷ್ಟು ಸಮಯವನ್ನೂ ಕೊಡಬೇಕು.

ಬಿಡ್ ತೆರೆದ ಮೇಲೆ ಪೂರ್ತಿ ಮೌನ. ಅದು ಸರಿಯೇ. ಕೆಟಿಪಿಪಿ (ಕರ್ನಾಟಕದ ಸರ್ಕಾರಿ ಖರೀದಿ ಪಾರದರ್ಶಕತೆ) ನಿಯಮದಂತೆ ಪರಿಶೀಲನೆ ಗುಟ್ಟಾಗಿರಬೇಕು. ಆ ಹೊತ್ತಿನಲ್ಲಿ ನಾವು ಸಾಹೇಬರ ಹಿಂದೆ ಬಿದ್ದರೆ ನಮ್ಮನ್ನೇ ಹೊರಗೆ ಹಾಕಬಹುದು. ಅವರಿಗೆ ನಿಜವಾದ ಅನುಮಾನ ಇದ್ದರೆ ಅವರೇ ಕೇಳಬಹುದು. ನನ್ನ ಸಾಲ್ವೆನ್ಸಿ ಸರ್ಟಿಫಿಕೇಟಿನ (ಹಣಕಾಸಿನ ತಾಕತ್ತಿನ ಪ್ರಮಾಣಪತ್ರ) ದಿನಾಂಕದ ಬಗ್ಗೆ ಪತ್ರದಲ್ಲೇ ಕೇಳಿದರು, ಪತ್ರದಲ್ಲೇ ಉತ್ತರ ಕೊಟ್ಟೆ. ರೇಟಿನ ಮಾತು ಬರಲಿಲ್ಲ.

ನಾನು ಎಲ್-2 ಆದೆ, ಅಂದರೆ ಕಡಿಮೆ ರೇಟಿನಲ್ಲಿ ಎರಡನೆಯವನು. ಅದಕ್ಕೆ ಸ್ಟಾರ್ ಕಡಿಮೆ ಮಾಡಿಲ್ಲ. ಎರಡನೇ ಸ್ಟಾರ್ ಹೋದದ್ದು ಅರ್ಹತೆಯ ಪರಿಶೀಲನೆಯಲ್ಲಿ, ಅಂದರೆ ಟೆಕ್ನಿಕಲ್‌ನಲ್ಲೇ ಬಿದ್ದ ನನ್ನ ಗೆಳೆಯನಿಗೆ ಕೊಟ್ಟ ಕಾರಣಕ್ಕೆ: "ಷರತ್ತು ಪೂರೈಸಿಲ್ಲ". ಯಾವ ಷರತ್ತು ಮಾರಾಯ್ರೆ? 1999ರ ಕೆಟಿಪಿಪಿ ಕಾಯ್ದೆಯಲ್ಲಿ ತಿರಸ್ಕಾರಕ್ಕೆ ಕಾರಣ ತಿಳಿಸಬೇಕು ಅಂತ ಇದೆ. 16ನೇ ಕಲಂ ಪ್ರಕಾರ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕಾರಣವೇ ಗೊತ್ತಿಲ್ಲದೆ ಮೇಲ್ಮನವಿಯಲ್ಲಿ ಏನಂತ ಬರೆಯುವುದು?

ಅಲ್ಲಿ ಮುಂದಿನ ಟೆಂಡರ್ ಬಂದರೂ ಹಾಕುತ್ತೇನೆ. ನೀವು ಹಾಕುವುದಾದರೆ ಡ್ರಾಯಿಂಗ್, ಬಿಒಕ್ಯೂ ಎರಡನ್ನೂ ಮೊದಲೇ ಪಕ್ಕಪಕ್ಕ ಇಟ್ಟು ನೋಡಿ. ಪ್ರಶ್ನೆಯನ್ನು ಪ್ರೀ-ಬಿಡ್‌ವರೆಗೆ ಕಾಯದೆ ಬರವಣಿಗೆಯಲ್ಲಿ ಕಳಿಸಿ. ಕೊರಿಜೆಂಡಮ್ ಬಂದಿದೆಯಾ ಅಂತ ಕೊನೆ ದಿನದವರೆಗೂ ನೋಡುತ್ತಿರಿ.